ಎಂಟು ನೀಲಿ, ಮೂರು ಹಳದಿ

ಅಂಚೆ ಕಚೇರಿಯ ವರ್ಷಾಂತ್ಯದ ಔತಣದಲ್ಲಿ ತೂ ಬಿಂಗ್‌ವೆನ್ ಎತ್ತಿದ ಚೀಟಿಗೆ ರೈಸ್ ಕುಕ್ಕರ್ ಬಂದಿದ್ದರೆ ಯಾವ ಗೋಳೂ ಇರುತ್ತಿರಲಿಲ್ಲ. ಅವನು ದೇವರಲ್ಲಿ ಬೇಡಿಕೊಂಡದ್ದೂ ಅದನ್ನೇ. ಬಂದದ್ದು ಮಾತ್ರ ಕೈಗಡಿಯಾರ. ಅದೂ ಬೆಟ್ಟ ಹತ್ತುವವರು ಕಟ್ಟಿಕೊಳ್ಳುವ, ಉಪಗ್ರಹವನ್ನು ಕೇಳಿ ದಾರಿ ಹೇಳುವ ಜಿಪಿಎಸ್ ಗಡಿಯಾರ. ಅವನ ಸಣಕಲು ಮಣಿಕಟ್ಟಿನ ಮೇಲೆ ಅದು ಕೋಲಿನ ಮೇಲೆ ಕೂತ ಆಮೆಯಂತೆ ಕಾಣುತ್ತಿತ್ತು.

ಬಿಂಗ್‌ವೆನ್‌ಗೆ ನಲವತ್ತೊಂದು ವರ್ಷ. ಎರಡನೇ ಕೌಂಟರಿನಲ್ಲಿ ಕೂತು ಪಾರ್ಸೆಲ್ ತೂಗುತ್ತಿದ್ದ. ನಾಯಿ, ಲಿಫ್ಟು, ಗುಡುಗು, ಗಟ್ಟಿಯಾಗಿ ಮಾತಾಡುವ ಗಿರಾಕಿ ಎಲ್ಲಕ್ಕೂ ಹೆದರುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ತನ್ನನ್ನು ಸಾಕಿ ಬೆಳೆಸಿದ ಅಕ್ಕ ಶೂಚುಗೆ. ಅವಳು ಸಂತೆಯಲ್ಲಿ ಮೀನು ಮಾರುತ್ತಿದ್ದಳು. ಅವಳು ಕೂಗಿದರೆ ಮಂಜುಗಡ್ಡೆಯ ಮೇಲಿನ ಸತ್ತ ಮೀನೂ ಬಾಲ ಅಲ್ಲಾಡಿಸುತ್ತದೆ ಎಂದು ಪಕ್ಕದ ಕೋಳಿ ಅಂಗಡಿಯವನು ಹೇಳುತ್ತಿದ್ದ.

ಪೋಸ್ಟ್ ಮಾಸ್ಟರ್ ಯೆನ್ ಗಡಿಯಾರವನ್ನು ನೋಡಿದ್ದೇ ತಡ, ತೀರ್ಮಾನ ಮಾಡಿಬಿಟ್ಟರು. "ಭಾನುವಾರ ಎಲ್ರೂ ಎಮ್ಮೆಮೂತಿ ಬೆಟ್ಟಕ್ಕೆ. ದಾರಿ ತೋರ್ಸೋನು ಬಿಂಗ್‌ವೆನ್."

"ಸಾರ್, ನಾನು ಮಹಡಿ ಮೆಟ್ಟಿಲು ಹತ್ತಿದ್ರೇ..."

"ಹತ್ತೋದು ಕಾಲು. ದಾರಿ ತೋರ್ಸೋದು ಗಡಿಯಾರ. ನಿಂದೇನು ಕಷ್ಟ?"

ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಅವನ ಗಡಿಯಾರಕ್ಕೆ ದಾರಿ ತುಂಬಿಸಿಕೊಟ್ಟಳು. "ನೋಡಿ ಅಣ್ಣಾ, ಈ ಗೆರೆ ಮೇಲೇ ನಡೀಬೇಕು. ಬಿಟ್ಟು ಹೋದ್ರೆ ಗುರ್ ಅನ್ನುತ್ತೆ. ಸೇತುವೆ, ಹಗ್ಗ ಹಿಡಿದು ಹತ್ತೋ ಜಾಗ, ಮಂಟಪ, ಮೂರಕ್ಕೂ ಗುರುತು ಹಾಕಿದೀನಿ. ಹತ್ರ ಬಂದಾಗ ಎಷ್ಟು ದೂರ ಇದೆ ಅಂತ ಅಂಕಿ ಬರುತ್ತೆ. ಒಂದು ಫೋನ್ ನಂಬರ್ ಕೇಳ್ತಿದೆ, ಯಾರದು ಹಾಕ್ಲಿ?"

ಪಾರ್ಸೆಲ್ಲಿನ ಮೇಲೆ ಫೋನ್ ನಂಬರಿನ ಜಾಗ ಖಾಲಿ ಇರಬಾರದೆಂದು ಹದಿನೆಂಟು ವರ್ಷದಿಂದ ಜನರನ್ನು ಗದರುತ್ತಿದ್ದವನು ಅವನು. ಯಾಕೆ, ಏನು ಎಂದು ಕೇಳದೆ ಅಕ್ಕನ ನಂಬರ್ ಹೇಳಿಬಿಟ್ಟ.

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಮೋಡ ಕವಿದಿತ್ತು. ಅಲ್ಲಿದ್ದ ಒಂದೇ ಅಂಗಡಿಯಲ್ಲಿ ಹನ್ನೊಂದು ರೇನ್‌ಕೋಟುಗಳು ತೂಗುತ್ತಿದ್ದವು. ಎಂಟು ನೀಲಿ, ಮೂರು ಹಳದಿ.

"ಹಳದಿಗೆ ಬೆಲೆ ಕಡಿಮೆ ಮಾಡ್ತೀನಿ," ಎಂದಳು ಅಂಗಡಿಯಾಕೆ.

"ಬಿಟ್ಟಿ ಕೊಟ್ರೂ ಬೇಡಮ್ಮಾ," ಎಂದು ಬಿಂಗ್‌ವೆನ್ ಎಂಟೂ ನೀಲಿ ಕೋಟುಗಳನ್ನು ಬಾಚಿ ತಬ್ಬಿಕೊಂಡ.

ಹಳದಿ ಕೋಟು ತೊಟ್ಟ ಮೂವರ ವಿಷಯ ಆ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮಂಜು ಕವಿದಾಗ ಅವರು ಕಾಣಿಸುತ್ತಾರೆ, ಬನ್ನಿ ಬನ್ನಿ ಎಂದು ಕೈ ಬೀಸುತ್ತಾರೆ. ಅವರ ಹಿಂದೆ ಹೋದವರು ಮರಳಿದ್ದಿಲ್ಲ. ಬೆಟ್ಟದಲ್ಲಿ ಯಾರನ್ನೂ ಪೂರ್ತಿ ಹೆಸರಿಂದ ಕರೆಯಬಾರದು, ಕರೆದರೆ ಆ ಹೆಸರು ಆ ಮೂವರ ಬಾಯಿಗೆ ಸಿಕ್ಕಿಬಿಡುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಬುಡದಲ್ಲೇ ಎಲ್ಲರಿಗೂ ಅಡ್ಡಹೆಸರಿಟ್ಟಾಯಿತು. ಪೋಸ್ಟ್ ಮಾಸ್ಟರು ಮುದಿಹುಲಿ. ಮೂರನೇ ಕೌಂಟರಿನ ಬಾಯಿಬಡುಕಿ ಹೆಂಗಸು ಮೂಲಂಗಿ. ದಾರಿ ತುಂಬಿಸಿದ ಹುಡುಗಿ ಸೀಗಡಿ. ಬಿಂಗ್‌ವೆನ್ ಗೆಣಸು.

ಸೇತುವೆಯ ತನಕ ಗೆಣಸು ಚೆನ್ನಾಗಿಯೇ ಉರುಳಿತು. ಅದನ್ನು ದಾಟಿದ ಮೇಲೆ ಒದ್ದೆ ಬೇರಿನ ಮೇಲೆ ಕಾಲಿಟ್ಟು ಧೊಪ್ಪನೆ ಕುಕ್ಕರಿಸಿದ. ಮಣಿಕಟ್ಟು ಬಂಡೆಗೆ ಬಡಿಯಿತು. ಗಡಿಯಾರ ಉದ್ದಕ್ಕೆ ನಡುಗಿ ಏನೇನೋ ಸಣ್ಣಕ್ಷರ ತೋರಿಸಿತು. ಓದುವ ಕನ್ನಡಕ ಮನೆಯಲ್ಲಿತ್ತು. ಕಣ್ಣಿಗೆ ಕಂಡದ್ದು ದಪ್ಪ ಅಂಕಿ ಮಾತ್ರ: ಮೂವತ್ತು. ಇಪ್ಪತ್ತೊಂಬತ್ತು. ಇಪ್ಪತ್ತೆಂಟು.

"ಹಗ್ಗ ಬಂತು! ಇನ್ನು ಇಪ್ಪತ್ತೆಂಟೇ ಹೆಜ್ಜೆ!" ಎಂದು ಅವನು ಸೊಂಟ ನೀವಿಕೊಳ್ಳುತ್ತ ಎದ್ದ.

ಎಲ್ಲರೂ ಒಟ್ಟಿಗೆ ಹೆಜ್ಜೆ ಎಣಿಸುತ್ತ ನಡೆದರು. ಸೊನ್ನೆಗೆ ಬಂದಾಗ ಹಗ್ಗವೂ ಇರಲಿಲ್ಲ, ಹುರಿಯೂ ಇರಲಿಲ್ಲ. ಯಾವುದೋ ಚಾರಣ ಸಂಘದವರು ಕೊಂಬೆಗೆ ಕಟ್ಟಿದ್ದ ಕೆಂಪು ಬಟ್ಟೆಯ ಪಟ್ಟಿ ಮಾತ್ರ ತೂಗುತ್ತಿತ್ತು. ಅದನ್ನೇ ಹಗ್ಗವೆಂದು ಮುದಿಹುಲಿ ಒಪ್ಪಿಕೊಂಡರು. "ಭಲೆ ಗೆಣಸು! ಒಂದು ಹೆಜ್ಜೆ ಆಚೆ ಇಲ್ಲ, ಈಚೆ ಇಲ್ಲ!" ಎಂದು ಬೆನ್ನು ತಟ್ಟಿದರು. ಹದಿನೆಂಟು ವರ್ಷದಲ್ಲಿ ಅವರು ಅವನ ಬೆನ್ನು ತಟ್ಟಿದ್ದು ಅದೇ ಮೊದಲು.

ಮಂಟಪದಲ್ಲಿ ಅನ್ನದ ಉಂಡೆ ತಿನ್ನುವಾಗ ಮಳೆ ಶುರುವಾಯಿತು. ಎಂಟು ನೀಲಿ ಕೋಟು ಹೊರಬಂದವು. ಇಳಿಯಲು ಹೊರಟಾಗ ಕಣಿವೆಯಿಂದ ಮಂಜು ಎದ್ದು ಬಂದು, ಕೈ ಚಾಚಿದರೆ ಬೆರಳು ಕಾಣದಂತೆ ಮಾಡಿತು. ಹಿಂದೆ ಏಳು ಜನ, ಕೆಳಗೆ ಪ್ರಪಾತ, ಮುಂದೆ ಕೈಗಡಿಯಾರದ ಒಂದು ಬಾಣ. ಒಬ್ಬರು ಕಳೆದುಹೋದರೂ ಜವಾಬ್ದಾರಿ ತನ್ನದೇ. ಹಿಂದಿರುಗಿ ಎಣಿಸಿ ಎಣಿಸಿ ಅವನ ಕತ್ತು ನೋಯತೊಡಗಿತು.

ಮೂಲಂಗಿ ತಟ್ಟನೆ ಅವನ ಚೀಲ ಹಿಡಿದೆಳೆದಳು. "ಅಲ್ನೋಡಿ."

ಕೆಳಗಿನ ತಿರುವಿನಲ್ಲಿ, ಗಡಿಯಾರದ ಗೆರೆ ಹೋಗುವ ಕಡೆಯೇ, ಮಂಜಿನೊಳಗೆ ಹಳದಿ. ಒಂದು. ಎರಡು. ಮೂರು.

ಮೂರೂ ಕೈ ಬೀಸಿದವು.

ಅಷ್ಟರಲ್ಲಿ ಕೆಳಗಿಂದ, ಎಳೆದೆಳೆದು, ಒಂದು ಕೂಗು ಬಂತು.

"ತೂ... ಬಿಂಗ್... ವೆನ್..."

ಬಿಂಗ್‌ವೆನ್ ಪೋಸ್ಟ್ ಮಾಸ್ಟರರ ತೋಳಿಗೆ ಜೋತುಬಿದ್ದ. "ಪೂರ್ತಿ ಹೆಸರು... ಸಾರ್, ನನ್ನ ಪೂರ್ತಿ ಹೆಸರು ಗೊತ್ತು ಅವಕ್ಕೆ!"

"ಓಗೊಡಬೇಡ!" ಮುದಿಹುಲಿಯ ದನಿ ಇಲಿಯದಾಗಿತ್ತು. "ಎಡಕ್ಕೆ ಓಡಿ!"

ಎಂಟು ಜನ ದಾರಿ ಬಿಟ್ಟು ಜರೀಗಿಡಗಳ ನಡುವೆ ನುಗ್ಗಿದರು. ಗಡಿಯಾರ ಗುರ್ ಎಂದಿತು. ಇನ್ನೂ ಓಡಿದರು. ಮತ್ತೆ ಗುರ್. ಹಿಂದೆ ನೋಡಿದರೆ ಹಳದಿಯೂ ಎಡಕ್ಕೆ ತಿರುಗಿತ್ತು.

"ನಿಮ್ಮ ಗಡಿಯಾರ ನಮ್ಮನ್ನ ಅವ್ರ ಕಡೆಗೇ ಕರೀತಿದೆ! ಬಿಚ್ಚಿ ಎಸೀರಿ ಆ ಶನೀನ!" ಎಂದು ಮೂಲಂಗಿ ಅತ್ತಳು.

ಬಿಚ್ಚಲು ಒದ್ದೆ ಬೆರಳಿಗೆ ಪಟ್ಟಿ ಸಿಗಬೇಕಲ್ಲ! ಬಿದಿರುಮೆಳೆಯೊಂದು ಸಿಕ್ಕಿತು. ಎಂಟೂ ಜನ ಅದರೊಳಗೆ ಡಬ್ಬಿಯ ಮೀನಿನಂತೆ ಒತ್ತಿಕೊಂಡು ಕೂತರು. ಯಾರೂ ಕೆಮ್ಮಲಿಲ್ಲ. ಒಂದು ಜಿಗಣೆ ಪೋಸ್ಟ್ ಮಾಸ್ಟರರ ಕಿವಿಯ ಹಿಂದೆ ಹತ್ತಿದ್ದನ್ನು ಎಲ್ಲರೂ ನೋಡಿದರು, ಯಾರೂ ಹೇಳಲಿಲ್ಲ. ಐದು ನಿಮಿಷ ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಕೊಂಬೆ ಮುರಿಯಿತು. ಮೂರು ಹಳದಿ ಆಕೃತಿಗಳು ಅತ್ತ ಇತ್ತ ನೋಡದೆ, ವಿಳಾಸ ಕೈಲಿ ಹಿಡಿದ ಅಂಚೆಯವರ ಹಾಗೆ, ನೆಟ್ಟಗೆ ಅದೇ ಮೆಳೆಯ ಕಡೆಗೆ ಬರತೊಡಗಿದವು.

"ತೂ... ಬಿಂಗ್... ವೆನ್..."

ಮುದಿಹುಲಿ ಮೆಲ್ಲಗೆ ಪಿಸುಗುಟ್ಟಿದರು. "ಗೆಣಸು, ಅವು ಬೇರೆ ಯಾರ ಹೆಸರನ್ನೂ ಕರೀತಿಲ್ಲ, ಗಮನಿಸಿದ್ಯಾ?"

ಏಳು ಜನರೂ ಗಮನಿಸಿದ್ದರು. ಏಳು ಜನರೂ ಕೂತಲ್ಲಿಂದಲೇ ಒಂದೊಂದು ಗೇಣು ಆಚೆ ಸರಿದರು.

ಒಂಟಿಯಾಗುವ ಹೆದರಿಕೆ ಮನುಷ್ಯನಿಂದ ಏನು ಬೇಕಾದರೂ ಮಾಡಿಸುತ್ತದೆ. ಬಿಂಗ್‌ವೆನ್ ಚೀರುತ್ತ ಮೆಳೆಯ ಹಿಂಬದಿಯಿಂದ ಹಾರಿದ. ಆಚೆ ನೆಲವಿರಲಿಲ್ಲ, ಗುಡ್ಡ ಜರಿದ ಜಾರು ಮಣ್ಣಿತ್ತು. ಅವನು ಕೂತ ಭಂಗಿಯಲ್ಲೇ ಜಾರಿದ. ದಾರಿ ತೋರಿಸುವವನು ಹೋದ ದಾರಿಯೇ ದಾರಿ ಎಂದು ಉಳಿದ ಏಳು ಜನವೂ ಅವನ ಹಿಂದೆ ಜಾರಿದರು. ಜಾರಿ, ಉರುಳಿ, ಒಬ್ಬರ ಬೂಟು ಇನ್ನೊಬ್ಬರ ಬೆನ್ನಿಗೆ ತಾಗಿ, ಕೊನೆಗೆ ಒಂದು ಚಹಾ ತೋಟದಲ್ಲಿ ರಾಶಿ ಬಿದ್ದರು. ತೋಟದ ಅಂಚಿನಲ್ಲಿ ಬೆಳಿಗ್ಗೆ ನೋಡಿದ ಅದೇ ಅಂಗಡಿಯ ಹಿಂಬಾಗಿಲು ಕಾಣುತ್ತಿತ್ತು. ಇನ್ನೂ ಬೆಳಕಿತ್ತು.

ಬಿಂಗ್‌ವೆನ್ ಪಾರ್ಸೆಲ್ ಎಣಿಸುವಂತೆ ಎಲ್ಲರನ್ನೂ ಮುಟ್ಟಿ ಮುಟ್ಟಿ ಎಣಿಸಿದ. ಏಳು. ತಾನೂ ಸೇರಿ ಎಂಟು. ಯಾರ ಕೈಕಾಲೂ ಮುರಿದಿರಲಿಲ್ಲ. ಅವನ ಕಣ್ಣು ತುಂಬಿತು.

"ಪ್ರಾಣ ಉಳಿಸಿದೆ ಕಣೋ ಗೆಣಸು," ಎಂದು ಮುದಿಹುಲಿ ಎರಡನೇ ಸಲ ಬೆನ್ನು ತಟ್ಟಿದರು. "ಮುಂದಿನ ತಿಂಗಳು ಇನ್ನೂ ದೊಡ್ಡ ಬೆಟ್ಟಕ್ಕೆ ಹೋಗೋಣ."

ಅಂಗಡಿಯೊಳಗೆ ಕೂತು ಶುಂಠಿ ಕಷಾಯ ತುಟಿಗಿಟ್ಟಿದ್ದರಷ್ಟೇ. ಬಾಗಿಲು ಧಡಾರನೆ ತೆರೆಯಿತು. ಮೂರು ಹಳದಿ ರೇನ್‌ಕೋಟುಗಳು ನೀರು ಸುರಿಸುತ್ತ ಹೊಸ್ತಿಲಲ್ಲಿ ನಿಂತವು.

ಮೂಲಂಗಿ ಮೇಜಿನ ಕೆಳಗೆ ಹೋದಳು. ಪೋಸ್ಟ್ ಮಾಸ್ಟರರು ಅವಳಿಗಿಂತ ಮೊದಲೇ ಅಲ್ಲಿದ್ದರು.

"ಪಾನ್ ಮಾವ, ನೀವು ಹುಡುಕ್ತಿದ್ದೋನು ಸಿಕ್ಕಿದ್ನಾ?" ಎಂದು ಕೇಳಿದಳು ಅಂಗಡಿಯಾಕೆ.

ಮುಂದಿನ ಹಳದಿ ತಲೆಯ ಟೋಪಿ ಸರಿಸಿತು. ಒಳಗೆ ಅರವತ್ತು ದಾಟಿದ, ಹಲ್ಲುಬ್ಬಿದ, ಕೆಂಡದಂಥ ಕೋಪದ ಒಬ್ಬ ಮನುಷ್ಯನಿದ್ದ. "ಸಿಗೋದಾ? ಇಪ್ಪತ್ತು ವರ್ಷದಿಂದ ದಾರಿ ತಪ್ಪಿದವರನ್ನ ಹುಡುಕ್ತಿದೀನಿ. ನಮ್ಮನ್ನ ನೋಡಿ ಓಡಿಹೋಗೋರನ್ನ ಇವತ್ತೇ ನೋಡಿದ್ದು! ಇಲ್ಲಿ ತೂ ಬಿಂಗ್‌ವೆನ್ ಯಾರು?"

ಬಿಂಗ್‌ವೆನ್ ಕಷಾಯದ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ.

"ಬೆಳಿಗ್ಗೆ ಆತ ಬಿದ್ನಂತೆ. ಮೂವತ್ತು ಎಣಿಸೋದ್ರೊಳಗೆ ಗುಂಡಿ ಒತ್ತಲಿಲ್ಲ ಅಂತ ಗಡಿಯಾರ ಅವರಕ್ಕನಿಗೆ ಸುದ್ದಿ ಕಳಿಸಿದೆ. ಆಯಮ್ಮ ನಮಗೆ ಫೋನ್ ಮಾಡಿ ಅತ್ತು, ಆ ಸುದ್ದೀನ ನಮಗೂ ಕಳಿಸಿದಳು. ಆತ ಇರೋ ಜಾಗ ಫೋನಲ್ಲೇ ಕಾಣ್ತಿತ್ತು, ಹಿಂದೇನೇ ಹೋದ್ವಿ. ಬೆಟ್ಟದಲ್ಲಿ ಪೂರ್ತಿ ಹೆಸರು ಕರೀಬಾರದು ಅಂತ ನಮಗೂ ಗೊತ್ತು ಕಣ್ರೀ. ಅಕ್ಕ ಹೇಳಿದ್ದು ಅದೊಂದೇ ಹೆಸರು, ಇನ್ನೇನಂತ ಕೂಗೋದು?"

ಸೀಗಡಿ ಬಾಯಿ ಮುಚ್ಚಿಕೊಂಡಳು. ಬಿಂಗ್‌ವೆನ್ ಸಣ್ಣ ದನಿಯಲ್ಲಿ ಕೇಳಿದ: "ಆದ್ರೂ... ಬೆಟ್ಟಕ್ಕೆ ಯಾರಾದ್ರೂ ಹಳದಿ ಹಾಕ್ಕೊಂಡು ಬರ್ತಾರಾ?"

"ನಮಗೇನು ಆಸೇನಾ?" ಪಾನ್ ಗುಡುಗಿದ. "ತೋಟದಲ್ಲಿದ್ದೋರು ಹಾಗೇ ಓಡಿ ಬಂದ್ವಿ. ಮಳೆ ಬರೋ ಹಾಗಿತ್ತು ಅಂತ ಇಲ್ಲಿ ಕೇಳಿದ್ರೆ ಇದ್ದದ್ದೇ ಈ ಮೂರು. ಬೆಳಿಗ್ಗೆ ಯಾವನೋ ಪುಕ್ಕಲ ನೀಲೀನೆಲ್ಲ ಬಳ್ಕೊಂಡು ಹೋದನಂತೆ!"

ಅಂಗಡಿಯಾಕೆ ಬಿಂಗ್‌ವೆನ್‌ನನ್ನು ನೋಡಿದಳು. ಹರಿದು ಚಿಂದಿಯಾದ ಏಳು ನೀಲಿ ಕೋಟುಗಳೂ ಮೆಲ್ಲಗೆ ಅವನ ಕಡೆ ತಿರುಗಿದವು.

ಎದ್ದು ಏನೋ ಹೇಳಹೋದವನ ಕಾಲು ಸ್ಟೂಲಿಗೆ ತೊಡರಿತು. ಸ್ಟೂಲು ಸಮೇತ ಧೊಪ್ಪನೆ ನೆಲಕ್ಕೆ ಬಿದ್ದ. ಮಣಿಕಟ್ಟಿನಲ್ಲಿ ಗಡಿಯಾರ ಉದ್ದಕ್ಕೆ ನಡುಗಿತು. ಮೂವತ್ತು. ಇಪ್ಪತ್ತೊಂಬತ್ತು.

"ಯಾವ ಗುಂಡಿ? ಸೀಗಡಿ, ಯಾವ ಗುಂಡಿ ಒತ್ತಲಿ?"

"ಎಡಗಡೇದು ಅಣ್ಣಾ! ಅಲ್ಲಲ್ಲ, ನಿಮ್ಮೆಡ ಅಲ್ಲ, ಗಡಿಯಾರದ..."

ಐದೂ ಗುಂಡಿ ಒತ್ತಿದ. ಅಂಕಿ ಮಾಯವಾಯಿತು. ಅಬ್ಬಾ ಎಂದು ಉಸಿರು ಬಿಟ್ಟ. ಅಂಗಡಿಯಲ್ಲಿ ಎಲ್ಲರೂ ಉಸಿರು ಬಿಟ್ಟರು.

ಪಾನ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಹೂಂ ತಾಯಿ... ಹೌದು, ಮತ್ತೆ ಬಿದ್ದಿದ್ದಾನೆ. ನನ್ನ ಕಣ್ಣೆದುರಿಗೇ ಬಿದ್ದ... ಇಲ್ಲಮ್ಮ, ಈ ಸಲ ಓಡೋಕೆ ಬಿಡಲ್ಲ... ಬಸ್ಸಿಂದ ಇಳಿದ್ರಾ? ಎಲ್ಲಿ? ಇಲ್ಲೇ ಎದುರಿಗಾ?"

ಫೋನು ಬೇಕಾಗಲಿಲ್ಲ. ಹೊರಗಿನ ರಸ್ತೆಯಿಂದ, ಮಳೆಯನ್ನೂ ಮಂಜನ್ನೂ ಸೀಳಿಕೊಂಡು, ಇಡೀ ಮೀನು ಸಂತೆಗೆ ಪರಿಚಯವಿದ್ದ ಆ ಕೂಗು ಬಂತು.

"ತೂ! ಬಿಂಗ್! ವೆನ್!"

ಮೇಜಿನ ಕೆಳಗಿಂದ ಮುದಿಹುಲಿ ಅಭ್ಯಾಸಬಲದಿಂದ ಪಿಸುಗುಟ್ಟಿದರು. "ಓಗೊಡಬೇಡ!"

ಬಿಂಗ್‌ವೆನ್ ಹಿಂಬಾಗಿಲ ಕಡೆ ಒಮ್ಮೆ ನೋಡಿದ. ಆಚೆ ಬೆಟ್ಟವಿತ್ತು, ಕತ್ತಲಾಗುತ್ತಿತ್ತು, ಮಂಜು ಇನ್ನೂ ದಟ್ಟವಾಗಿತ್ತು. ಅಲ್ಲೆಲ್ಲೋ ನಿಜವಾದ ಆ ಮೂವರು ಇದ್ದರೂ ಇದ್ದಾರು. ಹೋಗಲೇ ಎಂದು ಅವನು ನಿಜಕ್ಕೂ ಯೋಚಿಸಿದ. ಆದರೆ ಗಡಿಯಾರ ಇನ್ನೂ ಕೈಯಲ್ಲೇ ಇತ್ತು, ಪಟ್ಟಿ ಈಗಲೂ ಬಿಚ್ಚಲು ಬರುತ್ತಿರಲಿಲ್ಲ.

"ಬಂದೆ ಅಕ್ಕಾ," ಎಂದ.