ಅತ್ತೆ ಬಡಿದ ಮನಸ್ಸಿನ ರೊಟ್ಟಿ

ನಮ್ಮ ಸೋದರತ್ತೆ ಹಿಟ್ಟಿಲ್ಲದೆ, ಒಲೆಯಿಲ್ಲದೆ, ಕೈಯನ್ನೂ ಅಲ್ಲಾಡಿಸದೆ ರೊಟ್ಟಿ ಬಡಿಯುತ್ತಾಳೆಂದರೆ ನಂಬುತ್ತೀರಾ? ನಾನೂ ರಾಯಚೂರಿನ ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡ ಮೇಲೆಯೇ ನಂಬಿದ್ದು!

ಪಾರ್ಶ್ವವಾಯು ಹೊಡೆದು ಅವಳ ಬಲಗೈ ಮಲಗಿಬಿಟ್ಟಿತ್ತು. ಇಡೀ ಮಾನ್ವಿಯಲ್ಲಿ ತನ್ನಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುವವರಿಲ್ಲವೆಂದು ನಂಬಿದವಳು ಅವಳು. ಸೊಸೆಯ ರೊಟ್ಟಿ ನೋಡಿ, "ಇದನ್ನ ಕಿಟಕಿಗಿ ಹಚ್ಚಿದ್ರ ಗಾಳಿ ಸೈತ ಬರಂಗಿಲ್ಲ" ಎಂದಳು. ಸತ್ತರೂ ತನ್ನ ಕೈಯ ರೊಟ್ಟಿ ತಿಂದೇ ಸಾಯುತ್ತೇನೆಂದು ಹಟ ಹಿಡಿದಳು.

ತಲೆಗೆ ತಂತಿಯ ಟೊಪ್ಪಿಗೆ ಹಾಕಿ ಮಿದುಳಿನ ಅಲೆ ನೋಡುತ್ತೇವೆ, ಸಣ್ಣಗೆ ಕರೆಂಟ್ ಕೊಡುತ್ತೇವೆ, ಕೈ ಆಡಿಸಿದಂತೆ ಮನಸ್ಸಿನಲ್ಲೇ ನೆನೆಯಲಿ ಎಂದರು ಡಾಕ್ಟರು.

"ಕರೆಂಟ್ ಎಲ್ಲಿಂದ ಬರ್ತದ್ರಿ?"

"ಸಣ್ಣ ಬ್ಯಾಟರಿ ಅದ ಅವ್ವಾ."

"ಹಂಗಾರ ಹಚ್ರಿ. ಶಕ್ತಿನಗರದಾಗ ತಯಾರಾಗೋ ಕರೆಂಟಾದ್ರ ನಡುವ ಹೋಗಿಬಿಡ್ತದ."

ಎಣ್ಣೆ ಹಚ್ಚದೆ ಬರಬೇಕೆಂದು ಮೊದಲೇ ಹೇಳಿದ್ದರು. ಬಣಬಣ ತಲೆಯಲ್ಲಿ ಪರಊರಿಗೆ ಹೋಗುವುದುಂಟೇ? ಕಿವಿಯ ಮೇಲೆ ಇಳಿಯುವಷ್ಟು ಹಚ್ಚಿಕೊಂಡು ಬಂದಳು. ಒಂದು ತಂತಿಯೂ ಅಂಟಲಿಲ್ಲ. ಯಂತ್ರ ನೋಡಿಕೊಳ್ಳುವ ದೇವದುರ್ಗದ ಹುಡುಗಿ ಶಾಂಪೂ ಹಾಕಿ ತಿಕ್ಕಿದ್ದೇ ತಿಕ್ಕಿದ್ದು.

"ಬೀಪ್ ಅಂದಾಗ ನೆನಸ್ರಿ, ಮತ್ತ ಬೀಪ್ ಅಂದ್ರ ನಿಲ್ಲಸ್ರಿ" ಎಂದಳು ಹುಡುಗಿ. ಮೊದಲ ಬೀಪಿಗೆ ಪರದೆಯ ಗೆರೆಗಳು ತಗ್ಗಿದವು. ಮಿದುಳು ಕೆಲಸಕ್ಕೆ ಇಳಿದ ಗುರುತಂತೆ ಅದು. ಎರಡನೇ ಬೀಪ್ ಆದರೂ ಗೆರೆಗಳು ಮೇಲೇಳಲಿಲ್ಲ.

"ಅವ್ವಾ, ನಿಲ್ಲಸ್ರಿ."

"ಹಂಚಿನ ಮ್ಯಾಲ ರೊಟ್ಟಿ ಅದ, ತಡಿ. ಸೀದು ಹೋದ್ರ ನೀ ತಿಂತೀಯೇನು?"

ಅಂದಿನಿಂದ ಆ ಹುಡುಗಿ ಬೀಪ್ ಬಿಟ್ಟು "ರೊಟ್ಟಿ ಆತೇನ್ರಿ?" ಎಂದು ಕೇಳತೊಡಗಿದಳು.

ವಾರಗಳು ಕಳೆದರೂ ಬೆರಳು ಮಿಸುಕಲಿಲ್ಲ. ಎಲ್ಲರ ಕೈಯೂ ಮರಳುವುದಿಲ್ಲ ಎಂದು ಡಾಕ್ಟರು ಮೆತ್ತಗೆ ಹೇಳಿ ನೋಡಿದರು. "ನಿಮ್ಮ ಮಿಷನ್ ದಣದದೇನ್ರಿ? ನಾ ದಣದಿಲ್ಲ" ಎಂದಳು ಅತ್ತೆ. ದಿನಾ ಅವಳನ್ನು ಕರೆತರುತ್ತಿದ್ದ ನಾನು ಮರುದಿನವೂ ಅವಳೊಡನೆ ಬಸ್ ಹತ್ತಿದೆ.

ಆ ದಿನ ಹುಡುಗಿ ಗೆರೆ ನೋಡುವುದು ಬಿಟ್ಟು ಅತ್ತೆಯ ಮಡಿಲನ್ನೇ ನೋಡುತ್ತ ಕೂತಳು. ಬಲಗೈಯ ಬೆರಳುಗಳು ನಡುಗುತ್ತ ಅರ್ಧ ಮಡಚಿಕೊಂಡಿದ್ದವು.

"ಅವ್ವಾ, ರೊಟ್ಟಿ ಛಲೋ ಬಂತೇನ್ರಿ?" ಹುಡುಗಿ ಮುಂದೆ ಬಾಗಿ ಕೇಳಿದಳು.

ಅತ್ತೆ ಕಣ್ಣು ತೆರೆಯಲಿಲ್ಲ. "ಇವತ್ತ ರೊಟ್ಟಿ ಬಡಿಲಿಲ್ಲ ಯವ್ವಾ. ನನ್ನ ಕೂಡ ಬರ್ತಾಳಲ್ಲ ಈಕಿ, ನನ್ನ ಸಲುವಾಗಿ ತಿರಗಿ ತಿರಗಿ ಸೊರಗ್ಯಾಳ. ದೃಷ್ಟಿ ತಗಿಯಾಕತ್ತಿದ್ದೆ."

ದೃಷ್ಟಿ ತೆಗೆದಾಗ ಬೆರಳ ನೆಟಿಗೆ ಮುರಿಯುವ ಸಪ್ಪಳವೇನೂ ಕೇಳಲಿಲ್ಲ. ನಾನು ಆ ಕೈಯನ್ನು ಎತ್ತಿ ಗಲ್ಲಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ.