ಪರದೇಶದಲ್ಲಿ ಊದಿದ ಸೀಟಿ

"ಆ ಮನೇಲಿ ದಿನಾ ಸಂಜೆ ಗಂಡ ಎಸೀತಾನೆ, ಹೆಂಡತಿ ಹಿಡೀತಾಳೆ. ಎಂಥ ಸಂಸಾರವೋ ಏನೋ, ಪಾಪ" ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದರು.

ಮಾತು ಸುಳ್ಳೇನಲ್ಲ. ಎಸೆಯುತ್ತಿದ್ದವನು ಸಿಟಿ ಬಸ್ಸಿನ ಕಂಡಕ್ಟರ್. ಹಿಡಿಯುತ್ತಿದ್ದವಳು ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ಎಸೆಯುತ್ತಿದ್ದದ್ದು ಆಲೂಗಡ್ಡೆ. ಹ್ಯಾಂಡ್‌ಬಾಲ್ ಎಂದರೆ ಫುಟ್‌ಬಾಲಿಗೆ ತಂಗಿ ಇದ್ದ ಹಾಗೆ. ಅಕ್ಕ ಕಾಲಲ್ಲಿ ಒದೆಯುತ್ತಾಳೆ, ತಂಗಿ ಕೈಬೀಸಿ ಎಸೆಯುತ್ತಾಳೆ, ಅದೂ ಮೈಮೇಲೆ ಬಂದು ಎಸೆಯುತ್ತಾಳೆ. ಕಣ್ಣು ಮಿಟುಕಿಸಿದರೆ ಗೋಲು. ಹಾಗಾಗಿ ಹೆಂಡತಿಯ ಕಣ್ಣು ಚುರುಕಾಗಲೆಂದು ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದವನೇ ತಾರಸಿ ಹತ್ತಿ, ಬುಟ್ಟಿ ಪಕ್ಕಕ್ಕಿಟ್ಟುಕೊಂಡು, ಒಂದರ ಹಿಂದೊಂದು ಆಲೂಗಡ್ಡೆ ಬೀಸುತ್ತಿದ್ದ. ಎದುರುಮನೆಯ ನಿವೃತ್ತ ಮೇಷ್ಟ್ರು ಒಮ್ಮೆ ಗಂಡಹೆಂಡಿರಿಗೆ ರಾಜಿ ಮಾಡಿಸಲೆಂದು ಮೆಟ್ಟಿಲು ಹತ್ತಿ ಬಂದರು. ತಮ್ಮ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದ ಆಲೂಗಡ್ಡೆಯನ್ನು ಅವಳು ಗಾಳಿಯಲ್ಲೇ ಕಸಿದದ್ದನ್ನು ಕಂಡು ರಾಜಿಯ ಮಾತು ಮರೆತು, "ಇನ್ನೊಂದು ಎಸೀರಿ ನೋಡೋಣ" ಎಂದು ಅಲ್ಲೇ ಕೂತುಬಿಟ್ಟರು.

ಹೀಗಿರುವಾಗ ಹೊರದೇಶದ ಕ್ಲಬ್ಬೊಂದು ಅವಳನ್ನು ಒಂದು ಸೀಸನ್ ಆಡಲು ಕರೆಯಿತು. ಕಂಡಕ್ಟರನ ಎದೆ ಬನಿಯನ್ನಿನಲ್ಲಿ ಹಿಡಿಸದಷ್ಟು ಉಬ್ಬಿತು. ರಜೆ ಕೇಳಲು ಡಿಪೋಗೆ ಹೋದ.

"ಎಲ್ಲಿಗಯ್ಯಾ ಇಷ್ಟು ಉದ್ದದ ರಜೆ?" ಎಂದರು ಡಿಪೋ ಮ್ಯಾನೇಜರ್.

"ಹೆಂಡತಿ ಹಿಂದೆ ಸರ್."

"ಎಲ್ಲರೂ ಅಲ್ಲಿಗೇ ಹೋಗೋದು. ನಿನಗೆ ರಜೆ ಬೇರೆ ಬೇಕಾ?"

"ನನ್ನದು ವಿಮಾನದಲ್ಲಿ ಸರ್. ನಾನಿಲ್ಲದೆ ಅವಳು ಅಲ್ಲಿ ಒಂದು ಚೆಂಡೂ ಹಿಡಿಯಲ್ಲ. ಆಟ ಅವಳದ್ದು, ಧೈರ್ಯ ನನ್ನದು."

ಧೈರ್ಯವನ್ನು ಹೊತ್ತುಕೊಂಡು ಕಂಡಕ್ಟರ್ ಕಡಲು ದಾಟಿದ. ಕ್ಲಬ್ಬಿನವರು ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ ಕೊಟ್ಟಿದ್ದರು. ಅಡುಗೆಮನೆಯಲ್ಲಿ ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಗೋಡೆಗಳು ಹಪ್ಪಳದಷ್ಟು ತೆಳು. ಕೆಳಗಿನ ಮನೆಯ ಒಡತಿಗೆ ಇವನ ಹೆಜ್ಜೆ ಸಪ್ಪಳವೂ ಸಹ್ಯವಾಗುತ್ತಿರಲಿಲ್ಲ. ಅವನು ಚಪ್ಪಲಿ ಮೆಟ್ಟಿದರೆ ಆಕೆ ಪೊರಕೆಯ ಹಿಡಿಯಲ್ಲಿ ಸೂರು ಕುಟ್ಟುತ್ತಿದ್ದಳು. ಆದರೂ ಕಂಡಕ್ಟರ್ ನಗುನಗುತ್ತಲೇ ಅಡುಗೆ ಮಾಡಿದ, ಬಟ್ಟೆ ಒಗೆದ, ಹೆಂಡತಿಯ ಮೊಣಕಾಲಿಗೆ ಎಣ್ಣೆ ತಿಕ್ಕಿದ. ಅಲ್ಲಿನ ಭಾಷೆಯನ್ನು ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ ಕಲಿತ. ಅಂಗಡಿಗೆ ಹೋದರೆ ಸೊಪ್ಪಿಗಿಂತ ಮೊದಲು ಸುದ್ದಿ ಕೊಡುತ್ತಿದ್ದ: "ನನ್ನ ಹೆಂಡತಿ ಗೋಲ್‌ಕೀಪರ್."

"ಹೌದಾ? ಯಾವತ್ತೂ ಆಡಿದ್ದು ನೋಡಿಲ್ಲವಲ್ಲ" ಎನ್ನುತ್ತಿದ್ದ ತರಕಾರಿಯವನು.

ಚುಚ್ಚುತ್ತಿದ್ದದ್ದು ಅಲ್ಲೇ. ತಂಡಕ್ಕೆ ಅವಳು ಎರಡನೇ ಕೀಪರ್. ಮೊದಲನೆಯವಳು ಬಾಗಿಲಿನಷ್ಟು ಅಗಲ, ಕಂಬದಷ್ಟು ಎತ್ತರ, ಶೀತ ನೆಗಡಿ ಕೂಡ ಹತ್ತಿರ ಸುಳಿಯದ ಗಟ್ಟಿಗಿತ್ತಿ. ಸೀಸನ್ ಪೂರ್ತಿ ಕಂಡಕ್ಟರನ ಹೆಂಡತಿ ಬೆಂಚು ಕಾಯ್ದಳು. ಆಡದಿದ್ದರೆ ಮುಂದಿನ ಸೀಸನ್ನಿಗೆ ಯಾರೂ ಕರೆಯುವುದಿಲ್ಲ. ಗಂಟುಮೂಟೆ ಕಟ್ಟಿ ವಾಪಸ್ಸು. ಉಳಿದಿದ್ದದ್ದು ಒಂದೇ ಪಂದ್ಯ.

ಆ ದಿನ ಮಧ್ಯಾಹ್ನ ಹೊರಡುವಾಗ ಅವಳು ಬೂಟಿನ ದಾರ ಬಿಗಿಯುತ್ತಾ ಹೇಳಿದಳು: "ರೀ, ಒಂದು ಮಾತು. ಇವತ್ತು ಕೂಗಬೇಡಿ."

"ನಾನೆಲ್ಲಿ ಕೂಗ್ತೀನಿ?"

"ಹೋದ ಸಲ ಬೆಂಚಿನ ಮೇಲೆ ಕೂತಿದ್ದವಳಿಗೆ 'ಭೇಷ್ ಭೇಷ್' ಅಂದ್ರಿ. ನಾನು ನೀರು ಕುಡೀತಿದ್ದೆ."

"ಚೆನ್ನಾಗಿ ಕುಡಿದೆ, ಅದಕ್ಕೇ ಅಂದೆ."

"ಕೋಚಮ್ಮ ನನ್ನನ್ನೇ ನೋಡಿದ್ರು. ನನಗೆ ನೆಲ ಬಿರಿಯಬಾರದೇ ಅನ್ನಿಸ್ತು. ಇವತ್ತು ಬಾಯಿ ಬಿಡೋ ಹಾಗಿಲ್ಲ. ಆಣೆ ಮಾಡಿ."

"ಬಿಡಲ್ಲ ಕಣೇ. ನಿನ್ನಾಣೆ."

ಪಂದ್ಯ ಶುರುವಾಯಿತು. ಕಂಡಕ್ಟರ್ ತುಟಿಗಳನ್ನು ಹೊಲಿದುಕೊಂಡವನಂತೆ ಕೂತ. ಅರ್ಧ ಆಟ ಮುಗಿಯುವ ಹೊತ್ತಿಗೆ ಬಾಗಿಲಿನಗಲದ ಕೀಪರ್ ಕಾಲು ಉಳುಕಿಸಿಕೊಂಡು ಕೂತಳು. ಇಬ್ಬರು ಎತ್ತಿಕೊಂಡು ಹೋದರು. ಕೋಚಮ್ಮ ಬೆಂಚಿನ ಕಡೆ ತಿರುಗಿ ಬೆರಳು ಮಾಡಿದಳು.

ಹೆಂಡತಿ ಎದ್ದಳು. ಕಂಡಕ್ಟರನ ಗಂಟಲಲ್ಲಿ ಒಂದು ಕೂಗು ಹುಟ್ಟಿ, ಆಣೆ ನೆನಪಾಗಿ, ಒಳಗೇ ಉರುಳಾಡಿ ಕಣ್ಣೀರಾಗಿ ಹೊರಬಂತು. ಪಕ್ಕದಲ್ಲಿ ಕೂತಿದ್ದ ದಢೂತಿ ಆಸಾಮಿ ಕರವಸ್ತ್ರ ಚಾಚಿ, "ಹಲ್ಲುನೋವಾ?" ಎಂದ. ಕಂಡಕ್ಟರ್ ಗೋಲಿನ ಕಡೆ ತೋರಿಸಿ, ಎದೆ ಮುಟ್ಟಿಕೊಂಡು, ಉಂಗುರದ ಬೆರಳು ತೋರಿಸಿದ. "ಓಹೋ, ಹೃದಯವಾ?" ಎಂದು ಆಸಾಮಿ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ.

ಅಂಗಳದಲ್ಲಿ ಅವಳು ಗೋಲಿನ ಬಾಯಿಗೆ ಬೀಗ ಹಾಕಿದ್ದಳು. ಎಡಕ್ಕೆ ಬಂದದ್ದು ಕೈಗೆ, ಬಲಕ್ಕೆ ಬಂದದ್ದು ಮೊಣಕಾಲಿಗೆ, ಮೂತಿಗೆ ಬಂದದ್ದು ಮೂತಿಗೇ. ಎದುರಾಳಿಗಳು ಎಸೆದೆಸೆದು ಸುಸ್ತಾದರು. ದಿನಾ ಆಲೂಗಡ್ಡೆ ಹಿಡಿದು ಪಳಗಿದ ಕಣ್ಣು ಅದು, ಸುಮ್ಮನೆಯೇ? ಕೊನೆಕೊನೆಗೆ ಇವರ ತಂಡ ಒಂದೇ ಒಂದು ಗೋಲು ಮುಂದಿತ್ತು. ಗಡಿಯಾರದಲ್ಲಿ ಚಿಟಿಕೆಯಷ್ಟು ಹೊತ್ತು ಉಳಿದಿತ್ತು.

ಆಗ ಎದುರಾಳಿ ತಂಡದ ಉದ್ದ ಜಡೆಯವಳು ಚೆಂಡು ಕಸಿದು, ಎಲ್ಲರನ್ನೂ ಹಿಂದೆ ಬಿಟ್ಟು ಒಬ್ಬಳೇ ನುಗ್ಗಿ ಬಂದಳು. ಮುಂದೆ ಗೋಲು, ನಡುವೆ ಕಂಡಕ್ಟರನ ಹೆಂಡತಿ, ಮತ್ತಾರೂ ಇಲ್ಲ. ಕಂಡಕ್ಟರನ ಕಣ್ಣಿಗೆ ಅದು ಆಟವಾಗಿ ಕಾಣಲೇ ಇಲ್ಲ. ನಡುರಸ್ತೆಯಲ್ಲಿ ತನ್ನವಳು ನಿಂತಿದ್ದಾಳೆ, ಬ್ರೇಕಿಲ್ಲದ ಬಸ್ಸು ಬರುತ್ತಿದೆ. ಇಷ್ಟೇ ಕಂಡದ್ದು. ವರ್ಷಗಟ್ಟಲೆ ಅಭ್ಯಾಸವಾದ ಕೈ ಯಾರ ಅಪ್ಪಣೆಯನ್ನೂ ಕೇಳದೆ ಅಂಗಿ ಜೇಬಿಗೆ ಹೋಯಿತು. ಅಲ್ಲಿ ಯಾವಾಗಲೂ ಇರುವ ಸೀಟಿ ಅಲ್ಲೇ ಇತ್ತು.

ಪೀಂ...

ಜನಜಂಗುಳಿ ತುಂಬಿದ ಬಸ್ಸನ್ನು ಏರಿನಲ್ಲಿ ನಿಲ್ಲಿಸುವ ಸೀಟಿ ಅದು. ಇಡೀ ಅಂಗಳ ನಿಂತಿತು. ಜಿಗಿದಿದ್ದ ಉದ್ದ ಜಡೆಯವಳು ಗಾಳಿಯಲ್ಲೇ ಗೊಂದಲಗೊಂಡು ಚೆಂಡು ಕೈಬಿಟ್ಟಳು. ಓಡುತ್ತಿದ್ದವರು ಕಾಲೂರಿದರು. ಇಬ್ಬರು ರೆಫರಿಗಳೂ "ನೀನಾ?" "ನಾನಲ್ಲ, ನೀನಾ?" ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಸಭಾಂಗಣವೇ ತಿರುಗಿ ಒಂದು ಸಾಲಿನ ಕಡೆ ನೋಡಿತು. ಅಲ್ಲಿ ಒಬ್ಬ ಮನುಷ್ಯ ಹಲ್ಲಿನ ನಡುವೆ ಸೀಟಿ ಕಚ್ಚಿಕೊಂಡು ಕೂತಿದ್ದ. ಪಕ್ಕದ ದಢೂತಿ ಆಸಾಮಿ ತನ್ನ ಕರವಸ್ತ್ರ ವಾಪಸ್ಸು ತೆಗೆದುಕೊಂಡು ಎರಡು ಕುರ್ಚಿ ಆಚೆ ಹೋಗಿ ಕೂತ.

ಆ ಆಟಕ್ಕೆ ಒಂದು ನಿಯಮವಿದೆ. ಖಚಿತವಾಗಿ ಗೋಲಾಗಬಹುದಾದ ಹೊತ್ತಿನಲ್ಲಿ ನೋಡಲು ಬಂದವರ ಸೀಟಿಯಿಂದ ಆಟ ನಿಂತರೆ, ಅನ್ಯಾಯವಾದವರಿಗೆ ಏಳು ಮೀಟರಿನಿಂದ ಒಂದು ಎಸೆತ. ಅಡ್ಡ ಬರಲು ಯಾರೂ ಇರುವುದಿಲ್ಲ. ಎಸೆಯುವವಳು, ಕೀಪರ್, ಇಬ್ಬರೇ. ಎಂದರೆ, ಹೆಂಡತಿಯನ್ನು ಕಾಪಾಡಲು ಹೊರಟ ಮಹಾರಾಯ ಅವಳನ್ನು ಕೈಯಾರೆ ಗಲ್ಲಿನ ಕಟ್ಟೆಗೆ ಹತ್ತಿಸಿದ್ದ. ಗೋಲಾದರೆ ಪಂದ್ಯದ ಗೆಲುವೂ ಹೋಯಿತು, ಮುಂದಿನ ಸೀಸನ್ನೂ ಹೋಯಿತು.

ಹೆಂಡತಿ ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದ. ಅದು ಹಾಲು ಉಕ್ಕಿಸಿದಾಗ ನೋಡುವ ನೋಟ.

ಅಷ್ಟರಲ್ಲಿ ಕಾವಲಿನವನೊಬ್ಬ ಬಂದು ರಟ್ಟೆ ಹಿಡಿದು ಅವನನ್ನು ಹೊರಗೆ ನಡೆಸಿದ. ಬಾಗಿಲು ಮುಚ್ಚಿತು. ಏಳು ಮೀಟರಿನ ಎಸೆತ ಇನ್ನೂ ಆಗಿರಲಿಲ್ಲ.

"ಸೀಟಿ ಕೊಡಿ."

"ಅದು ಸರ್ಕಾರದ್ದು ಸ್ವಾಮಿ. ನಾನು ಲೆಕ್ಕ ಕೊಡಬೇಕು."

"ಕೊಡಿ."

ಕೊಟ್ಟ. ಒಳಗೆ ಪಿನ್ನು ಬಿದ್ದರೂ ಕೇಳುವಂಥ ಮೌನ. ಆಮೇಲೆ ಗೋಡೆ ಅದುರುವಂತೆ ಒಂದು ಗದ್ದಲ.

"ಏನಾಯ್ತು?" ಎಂದ ಕಂಡಕ್ಟರ್.

"ಯಾರಿಗೋ ಖುಷಿಯಾಗಿದೆ."

"ಯಾರಿಗೆ?"

"ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ದೆಸೆಯಿಂದ ನಾನೂ ಹೊರಗೇ ಇದ್ದೀನಲ್ಲ."

"ಸ್ವಲ್ಪ ಬಾಗಿಲು ತೆಗೀರಿ ಅಣ್ಣಾ. ಕಾಲಿಗೆ ಬೀಳ್ತೀನಿ. ಅಲ್ಲಿ ನಿಂತಿರೋಳು ನನ್ನ ಹೆಂಡತಿ."

ಕಾವಲಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅವಳೇ ನಿನ್ನ ಹೆಂಡತಿಯಾ? ಅವಳು ರಾತ್ರಿ ಮನೆಗೇ ಬರೋದು ತಾನೆ? ಆಗ ಗೊತ್ತಾಗತ್ತೆ ಬಿಡು" ಎಂದ. ಆದರೆ ಅವನಿಗೂ ಕುತೂಹಲ. ಬಾಗಿಲನ್ನು ಒಂದು ಗೇಣು ತೆಗೆದ. ಇಬ್ಬರೂ ಒಂದರ ಮೇಲೊಂದು ತಲೆಯಿಟ್ಟು ಇಣುಕಿದರು. ಗೋಲಿನ ಮುಂದೆ ಹೆಂಗಸರ ದೊಡ್ಡ ರಾಶಿ. ಅಡಿಯಲ್ಲಿ ಹೆಂಡತಿಯ ಬೂಟು ಮಾತ್ರ ಕಾಣುತ್ತಿತ್ತು.

"ಅಯ್ಯೋ, ಹೊಡೀತಿದ್ದಾರಾ?"

"ತಬ್ಕೊಂಡಿದ್ದಾರೆ ಮಾರಾಯ. ಹಿಡಿದುಬಿಟ್ಟಳು."

ಕಂಡಕ್ಟರ್ ಅಲ್ಲೇ ನೆಲದ ಮೇಲೆ ಕೂತು, ಆಣೆಯನ್ನು ಗಾಳಿಗೆ ತೂರಿ, ಬಾಯಿಬಿಟ್ಟು ಅತ್ತ. ಕಾವಲಿನವನು ಈ ಸಲ ಅಡ್ಡಿಮಾಡಲಿಲ್ಲ.

ಮನೆಗೆ ಬಂದ ಮೇಲೆ ವಿಚಾರಣೆ ನಡೆಯಿತು.

"ಬಾಯಿ ಬಿಡಲ್ಲ ಅಂತ ಆಣೆ ಮಾಡಿದ್ರಿ."

"ಬಿಡಲಿಲ್ಲ ಕಣೇ. ಬಾಯಿ ಬಿಟ್ಟರೆ ಸೀಟಿ ಊದಕ್ಕಾಗುತ್ತಾ? ಗಟ್ಟಿಯಾಗಿ ಮುಚ್ಚಿದ್ದೆ."

ಅವಳು ನಗಬಾರದೆಂದು ಮುಖ ತಿರುಗಿಸಿಕೊಂಡಳು.

"ನನ್ನ ಸೀಟಿಗೆ ರೆಫರಿಗಳೇ ನಿಂತುಬಿಟ್ಟರು, ನೋಡಿದ್ಯಾ?" ಎಂದ ಇವನು, ಸ್ವಲ್ಪ ಧೈರ್ಯ ಬಂದು.

"ನೋಡಿದೆ. ಎಲ್ಲರೂ ನಿಂತರು. ನಾನು ಮಾತ್ರ ನಿಲ್ಲಲಿಲ್ಲ. ಮುಂದೆ ಹೋಗಿ ಬಿದ್ದ ಚೆಂಡನ್ನು ಹಿಡಿದುಕೊಂಡೆ."

"ಯಾಕೆ?"

"ನೀವು ನಿಲ್ಲು ಅಂದಾಗ ನಾನು ಯಾವತ್ತು ನಿಂತಿದ್ದೀನಿ?"

ಕೆಲವು ದಿನದ ಮೇಲೆ ಕ್ಲಬ್ಬಿನ ಮ್ಯಾನೇಜರ್ ತಾನೇ ಮೂರು ಮಹಡಿ ಹತ್ತಿ ಬಂದ. ಏದುಸಿರು ಇಳಿದ ಮೇಲೆ, ಇನ್ನೆರಡು ಸೀಸನ್ ಆಡಬೇಕು, ಇನ್ನು ಇವರೇ ಮೊದಲನೇ ಕೀಪರ್, ಇರಲು ಊರಾಚೆ ಅಭ್ಯಾಸದ ಮೈದಾನದ ಪಕ್ಕದಲ್ಲೇ ದೊಡ್ಡ ಮನೆ ಎಂದ. ಕೊನೆಗೆ ಕಂಡಕ್ಟರನ ಕಡೆ ನೋಡಿ ಗಂಟಲು ಸರಿಮಾಡಿಕೊಂಡ.

"ಒಂದು ಷರತ್ತಿದೆ."

ಕಂಡಕ್ಟರ್ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿದ. "ಅವಳು ಆಡಲಿ. ನಾನು ವಾಪಸ್ಸು ಹೋಗ್ತೀನಿ" ಎಂದ.

"ಅವರು ಹೋದರೆ ನಾನೂ ಇರಲ್ಲ" ಎಂದಳು ಹೆಂಡತಿ, ಚಹಾದ ಲೋಟ ಇಡುತ್ತಾ, ತರಕಾರಿಯ ವಿಷಯ ಹೇಳುವಷ್ಟು ಸಲೀಸಾಗಿ.

"ಅಯ್ಯೋ, ಕಳಿಸೋರು ಯಾರು?" ಎಂದ ಮ್ಯಾನೇಜರ್. "ಇನ್ನುಮುಂದೆ ಇವರು ಜನರ ನಡುವೆ ಕೂರುವ ಹಾಗಿಲ್ಲ, ಅಷ್ಟೇ. ನಮ್ಮ ಬೆಂಚಿನ ತುದಿಯಲ್ಲಿ, ಕೋಚಮ್ಮನ ಕಣ್ಣಳತೆಯಲ್ಲಿ ಕೂರಬೇಕು. ಎರಡೂ ಕೈಯಲ್ಲಿ ಟವೆಲ್ ಹಿಡಿದಿರಬೇಕು."

ಮನೆ ಬದಲಿಸುವ ದಿನ ತಂಡದ ಬಸ್ಸೇ ಬಂತು. ಆಟಗಾರ್ತಿಯರು ಅಭ್ಯಾಸಕ್ಕೆ ಹೊರಟಿದ್ದರು, ದಾರಿಯಲ್ಲಿ ಇವರನ್ನೂ ಸಾಮಾನುಗಳನ್ನೂ ಇಳಿಸುವುದೆಂದು ಮಾತಾಗಿತ್ತು. ಹೆಂಡತಿ ಮೊದಲೇ ಮೆಟ್ಟಿಲಿಳಿದು ಹೋಗಿ ಬಸ್ಸಿನಲ್ಲಿ ಕೂತಳು. ಕಂಡಕ್ಟರ್ ಖಾಲಿ ಕೋಣೆಗಳಲ್ಲಿ ಒಂದು ಸುತ್ತು ಹಾಕಿ, ದೀಪವಾರಿಸಿ, ಪಾತ್ರೆಗಳ ಪೆಟ್ಟಿಗೆ ಎದೆಗವಚಿಕೊಂಡು ಬಾಗಿಲೆಳೆದ. ಕೆಳಗಿನ ಮನೆಯ ಒಡತಿ ಮೆಟ್ಟಿಲ ಹತ್ತಿರ ನಿಂತಿದ್ದಳು.

"ಹೊರಟಿರಾ?"

"ಹೊರಟೆವು ಅಮ್ಮ. ನಾನೂ ಈಗ ತಂಡದಲ್ಲೇ ಇದ್ದೀನಿ" ಎಂದ, ಎದೆಯುಬ್ಬಿಸಿ. ಪೆಟ್ಟಿಗೆಯೊಳಗೆ ಪಾತ್ರೆಗಳು ಗಲಗಲ ಎಂದವು.

"ಹೌದಾ? ಯಾವ ಜಾಗದಲ್ಲಿ ಆಡ್ತೀರಿ?"

ಏನೋ ದೊಡ್ಡದು ಹೇಳೋಣವೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯಲ್ಲಿ ಬಸ್ಸು ಗುರ್ರೆಂದಿತು. ಆ ಊರಿನ ಬಸ್ಸಿಗೆ ಕಂಡಕ್ಟರ್ ಇಲ್ಲ, ರೈಟ್ ಹೇಳುವವರಿಲ್ಲ. ಹೊತ್ತಾದರೆ ಡ್ರೈವರ್ ಗುಂಡಿ ಒತ್ತಿ ಬಾಗಿಲು ಮುಚ್ಚಿಕೊಂಡು ಹೊರಡುತ್ತಾನೆ. ಹೊರಟೇಬಿಟ್ಟ.

ಕಂಡಕ್ಟರ್ ಹೊಸ್ತಿಲು ದಾಟಿ ಓಡಿದ. ಪೆಟ್ಟಿಗೆಯ ಸೌಟು ಒಂದು ಕಡೆ, ಮುಚ್ಚಳ ಒಂದು ಕಡೆ ಹಾರಿದವು. ಬಸ್ಸಿನ ಪಕ್ಕವನ್ನು ದಬದಬ ಬಡಿಯುತ್ತಾ, "ಹೋಲ್ಡಾನ್, ಹೋಲ್ಡಾನ್" ಎಂದು ಮೂಲೆಯವರೆಗೆ ಕೂಗಿದ. ಬಸ್ಸು ನಿಧಾನಿಸಿತು. ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಗಂಡನ ರಟ್ಟೆ, ಎರಡನ್ನೂ ಒಟ್ಟಿಗೆ ಹಿಡಿದು ಒಳಗೆಳೆದುಕೊಂಡಳು.

"ಬೇಗ ಹತ್ತಿ ಸ್ವಾಮಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದಳು. "ಒಳಗೆ ನಡೀರಿ, ಒಳಗೆ ನಡೀರಿ. ಹಿಂದುಗಡೆ ಪೂರ್ತಿ ಖಾಲಿ ಇದೆ."