ಶಾಂತಿಗೆಂದು ಕೊಂಡ ಸೈಟು

ಪೇಟೆ ಬಿಟ್ಟು ಊರಾಚೆ ಮನೆ ಕಟ್ಟಿಕೊಂಡವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ದಾರಿ ಕೇಳಿಕೊಂಡು ಬಾಗಿಲಿಗೆ ಬರುತ್ತದೆ. ನನ್ನ ಮನೆಗಂತೂ ಅದು ಬರುವುದನ್ನು ಇವತ್ತಿಗೂ ನಿಲ್ಲಿಸಿಲ್ಲ.

ಚಳ್ಳಕೆರೆಯಲ್ಲಿ ನನ್ನದು ಶೇಂಗಾ ಮಂಡಿ. ಕೆಳಗೆ ಮಂಡಿ, ಮೇಲೆ ಮನೆ, ಎದುರಿಗೆ ಎಣ್ಣೆ ಮಿಲ್ಲು. ಹಮಾಲರ ಕೂಗು, ಲಾರಿ ಹಾರನ್ನು, ಮಿಲ್ಲಿನ ಗಡಗಡ, ಇವುಗಳ ನಡುವೆಯೇ ನಮ್ಮ ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದರು. ತೊಂಬತ್ತರ ದಶಕದ ಕೊನೆಗೆ ನನಗೆ ಬಿ.ಪಿ. ಬಂತು. ಶಾಂತವಾದ ಜಾಗ ನೋಡಿಕೊಳ್ಳಿ ಅಂದರು ಡಾಕ್ಟರು. ಊರಾಚೆ, ನನ್ನಿವಾಳ ಹಳ್ಳಿಯ ಕಡೆಗೆ ಆಗಷ್ಟೇ ಒಂದು ಬಡಾವಣೆ ಎದ್ದಿತ್ತು. ಒಂದು ಮಗ್ಗುಲಿಗೆ ಹೊಲ, ಇನ್ನೊಂದು ಮಗ್ಗುಲಿಗೆ ಜಾಲಿ, ನಡುವೆ ಕಾಂಪೌಂಡ್ ಹಾಕಿಕೊಂಡು ಕುಳಿತ ಕೆಲವೇ ಮನೆಗಳು. ಅಕ್ಕಪಕ್ಕದ ಎರಡು ಸೈಟು ತಗೊಂಡೆ. ಒಂದರಲ್ಲಿ ಮನೆ ಕಟ್ಟಿ, ಇನ್ನೊಂದರಲ್ಲಿ ತೆಂಗಿನ ಸಸಿ ನೆಟ್ಟೆ. ಶಾಂತಿಯನ್ನು ಸಗಟು ದರದಲ್ಲಿ ಖರೀದಿ ಮಾಡಿದವನು ನಾನೊಬ್ಬನೇ ಎಂದು ಮಂಡಿ ಸಾಲಿನಲ್ಲೆಲ್ಲ ಹೇಳಿಕೊಂಡು ಬಂದೆ.

ಹೆಂಡತಿ ಮಾತ್ರ ಒಪ್ಪಲಿಲ್ಲ. ಅವಳ ತವರು ಮೊಳಕಾಲ್ಮೂರು, ಮಗ್ಗದವರ ಬೀದಿ. ಅಲ್ಲಿ ಒಂದು ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಹತ್ತು ಮನೆಯವರು ನೀರು ಕುಡಿಯುತ್ತಾರೆ. ಯುಗಾದಿವರೆಗೂ ನೋಡ್ತೀನಿ, ಅಷ್ಟರಲ್ಲಿ ಮಾತಾಡಾಕೆ ಒಂದು ಮನೆ ಸಿಗಲಿಲ್ಲ ಅಂದ್ರೆ ಮಂಡಿ ಮೇಲಿನ ಮನೆಗೇ ವಾಪಸ್ಸು ಎಂದು ಕರಾರು ಹಾಕಿದಳು. ವಾಪಸ್ಸು ಹೋದರೆ ಮಂಡಿಯವರು ನನ್ನನ್ನು ಬದುಕಲು ಬಿಡುತ್ತಿರಲಿಲ್ಲ. ಕೊಂಡ ಮಾಲನ್ನು ಮುಖ ಸಣ್ಣ ಮಾಡಿಕೊಂಡು ಹಿಂದಿರುಗಿಸಿದವನು ಎಂಬ ಹೆಸರು ನನಗೆ ಅದುವರೆಗೂ ಇರಲಿಲ್ಲ.

೧. ನನ್ನ ಗಂಟಲು

ಮಿಲ್ಲಿನ ಎದುರು ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಮೆಲ್ಲಗೆ ಮಾತಾಡುವುದು ಎಂದರೇನು ಅಂತ ತಿಳಿದಿರುವುದಿಲ್ಲ. ನಮ್ಮಲ್ಲಿ ‘ಸ್ವಲ್ಪ ಗುಟ್ಟಿನ ವಿಷಯ’ ಎಂಬುದನ್ನೂ ಕೂಗಿಯೇ ಹೇಳಬೇಕು.

ಹೊಸ ಮನೆಗೆ ಫೋನು ಹಾಕಿಸಿದೆ. ಬೆಳಗ್ಗೆ ಎದ್ದ ಕೂಡಲೇ ಬಳ್ಳಾರಿಯ ದಲ್ಲಾಳಿಗೆ ಫೋನು ಮಾಡಿ, ಇವತ್ತು ಶೇಂಗಾ ರೇಟಿನಲ್ಲಿ ಎಷ್ಟರ ತನಕ ಏರಬಹುದು, ಎಲ್ಲಿ ನಿಲ್ಲಿಸಬೇಕು ಎಂದು ಮಾತಾಡಿಕೊಳ್ಳುವುದು ನನ್ನ ಪದ್ಧತಿ. ಎದುರು ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರು. ಅವರ ಭಾವಮೈದುನ ಪರಶುರಾಂಪುರದ ರೈತ, ಶೇಂಗಾ ಮಾರಲು ಬಂದಾಗ ಅಕ್ಕನ ಮನೆಯಲ್ಲೇ ಉಳಿಯುತ್ತಿದ್ದ. ಒಂದು ದಿನ ಮಂಡಿಯಲ್ಲಿ ಅವನ ಮಾಲು ನೋಡಿ, ಮುಖ ಹುಳ್ಳಗೆ ಮಾಡಿ, ಕಾಯಿ ಜೊಳ್ಳು, ಮಣ್ಣು ಜಾಸ್ತಿ ಎಂದು ನಾನು ನಮ್ಮ ವೃತ್ತಿಧರ್ಮದ ಪ್ರಕಾರ ಶುರು ಮಾಡಿದೆ. ಅವನು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, “ಅಷ್ಟೆಲ್ಲ ಯಾಕೆ ಸುಸ್ತಾಗ್ತೀರಿ ಸಾವ್ಕಾರ್ರೇ, ಬೆಳಗ್ಗೆ ಬಳ್ಳಾರಿಗೆ ಹೇಳಿದ್ರಲ್ಲ, ಅದೇ ರೇಟು ಕೊಡ್ರಿ ಸಾಕು” ಅಂದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳಿಗೆ ಮರುಕ ಹುಟ್ಟಲಿಲ್ಲ.

“ನನ್ನ ಮಾತು ಕೇಳೋರು ಇಲ್ಲಿ ಒಬ್ರೂ ಇಲ್ಲ. ನಿಮ್ಮದನ್ನ ಪರಶುರಾಂಪುರದೋರೂ ಕೇಳ್ತಾರೆ. ಪುಣ್ಯವಂತರು ಬಿಡ್ರಿ.”

೨. ಸುಮ್ಮನೆ ನಡೆಯುವುದು

ಬಡಾವಣೆಯಲ್ಲಿ ಎಲ್ಲರೂ ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದರು. ನಾನೂ ಪಂಚೆ ಉಟ್ಟು, ಟವೆಲ್ ಹಾಕಿಕೊಂಡು ನನ್ನಿವಾಳದ ರಸ್ತೆ ಹಿಡಿದೆ. ನಮ್ಮ ಕಡೆ ವರ್ತಕ ಎಂದರೆ ಜೀಪಿನಲ್ಲಿ ಬರಬೇಕು, ಜೀಪಿನಲ್ಲಿ ಹೋಗಬೇಕು; ನಡೆಯುವುದಕ್ಕೆ ಒಂದು ಕಾರಣ ಇರಬೇಕು.

ಮೊದಲು ಒಂದು ಟ್ರ್ಯಾಕ್ಟರು ನಿಂತಿತು. ಹತ್ರೀ ಅಂದ. ಬೇಡ, ಸುಮ್ಮನೆ ನಡೀತಿದೀನಿ ಅಂದೆ. ಅವನು ನನ್ನನ್ನು ಒಂದು ಥರಾ ನೋಡಿ ಹೋದ. ಆಮೇಲೆ ಬಸ್ಸು ನಿಂತಿತು. ಕಂಡಕ್ಟರು ಇಳಿದು, ಟಿಕೆಟ್ ಬೇಡ ಬನ್ನಿ ಅಂದ. ಅವನಿಗೂ ಬೇಡ ಅಂದೆ. ಕೊನೆಗೆ ಎತ್ತಿನ ಗಾಡಿಯಿಂದ ಒಬ್ಬ ಮುದುಕ ಇಳಿದು, ಒಂದೂ ಮಾತಾಡದೆ ತಲೆ ತಗ್ಗಿಸಿ ನನ್ನ ಪಕ್ಕದಲ್ಲಿ ಬಹಳ ದೂರ ನಡೆದ. ಆಮೇಲೆ ಮೆಲ್ಲಗೆ, “ಯಾರು ತೀರ್ಕೊಂಡ್ರು ಸಾವ್ಕಾರ್ರೇ?” ಅಂದ.

ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲಿ ಸುದ್ದಿ ಬೇರೆಯೇ ಆಗಿತ್ತು. ಸಾವ್ಕಾರ್ರು ಜೀಪು ಮಾರಿಕೊಂಡರಂತೆ, ದಿವಾಳಿಯಂತೆ, ಅದಕ್ಕೇ ಊರಾಚೆ ಹೋಗಿ ಕುಂತಿದ್ದಂತೆ. ನನ್ನ ಗೋದಾಮಿನಲ್ಲಿ ಮಾಲು ಇಟ್ಟವರು ಒಬ್ಬೊಬ್ಬರಾಗಿ ‘ಹಿಂಗೇ ಈ ಕಡೆ ಬಂದಿದ್ವಿ’ ಎಂದು ಬಂದು ತಮ್ಮ ಚೀಲಗಳನ್ನು ಮುಟ್ಟಿ ನೋಡಿಕೊಂಡು ಹೋದರು.

ಮರುದಿನ ಜೀಪಿನ ಡ್ರೈವರಿಗೆ ಹೇಳಿ, ನಾನು ಮುಂದೆ ನಡೆಯುವುದು, ಖಾಲಿ ಜೀಪು ನನ್ನ ಹಿಂದೆ ಆಮೆಯಂತೆ ಬರುವುದು ಎಂದು ಏರ್ಪಾಡು ಮಾಡಿದೆ. ದಿವಾಳಿಯ ಮಾತು ಅಂದೇ ನಿಂತಿತು. ಸಾವ್ಕಾರ್ರಿಗೆ ತಲೆ ಕೆಟ್ಟಿದೆ ಎಂದು ಶುರುವಾಯಿತು. ಇದರಿಂದ ನಷ್ಟವೇನೂ ಆಗಲಿಲ್ಲ. ದಿವಾಳಿಯಾದವನ ಹತ್ತಿರ ಯಾರೂ ಸುಳಿಯುವುದಿಲ್ಲ. ತಲೆ ಕೆಟ್ಟವನ ಹತ್ತಿರ ವ್ಯಾಪಾರ ಮಾಡಲು ಜನ ಮುಗಿಬೀಳುತ್ತಾರೆ.

೩. ಒಂದು ಚಮಚ ಸಕ್ಕರೆ

ಹೆಂಡತಿ ಸುಮ್ಮನೆ ಕೂರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಅಧಿಕಾರಿ ಇದ್ದರು. ಯಾವ ಇಲಾಖೆ ಎಂದು ಹೇಳುವುದು ಬೇಡ, ಇವತ್ತಿಗೂ ಪಕ್ಕದಲ್ಲೇ ಇದ್ದಾರೆ. ಅವರ ಮನೆಗೆ ಒಂದು ಸ್ಟೀಲ್ ಡಬ್ಬಿ ತುಂಬ ಹೋಳಿಗೆ ಕಳಿಸಿದಳು. ಡಬ್ಬಿ ವಾಪಸ್ಸು ಬಂತು, ಥಳಥಳ ತೊಳೆದು, ಒರೆಸಿ, ಖಾಲಿ.

ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನಿಲ್ಲದಿದ್ದರೂ ಒಂದು ಚಮಚ ಸಕ್ಕರೆ ಹಾಕುತ್ತಾರೆ. ಖಾಲಿ ಪಾತ್ರೆ ಎಂದರೆ ನಿಮ್ಮ ಸಹವಾಸ ಸಾಕು ಎಂದು ಅರ್ಥ. ಹೆಂಡತಿ ಆ ಡಬ್ಬಿಯನ್ನು ನನ್ನ ಎದುರಿಗೆ ಇಟ್ಟು ಎರಡು ದಿನ ಮಾತು ಬಿಟ್ಟಳು, ಖಾಲಿ ಕಳಿಸಿದವನು ನಾನೇ ಎಂಬಂತೆ.

ಮೂವತ್ತು ವರ್ಷ ವ್ಯಾಪಾರ ಕುದುರಿಸಿದವನಿಗೆ ಇದೇನು ಮಹಾ ಎಂದು ಭಾನುವಾರ ಬೆಳಗ್ಗೆ ಅವರ ಮನೆಗೆ ಹೋದೆ. ಅವರು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಎದ್ದು ಕಿಟಕಿ ಹಾಕಿದರು. ನಮ್ಮ ಅಭ್ಯಾಸದಂತೆ ನಾನು ಸುತ್ತಿ ಬಳಸಿ ಶುರು ಮಾಡಿದೆ: ಒಂದು ಸಣ್ಣ ವಿಷಯ, ನೀವು ಮನಸ್ಸು ಮಾಡಿದರೆ ಆಗುತ್ತೆ, ನಮ್ಮ ಮನೆಯವರಿಗೂ ಸಮಾಧಾನ.

“ಇಂಥದ್ದಕ್ಕೆಲ್ಲ ಮನೆಗೆ ಬರಬಾರದು ಸಾವ್ಕಾರ್ರೇ,” ಅಂದರು ಪಿಸುದನಿಯಲ್ಲಿ.

ಇನ್ನು ಸುತ್ತಿ ಪ್ರಯೋಜನವಿಲ್ಲ ಎಂದು, ಹೆಚ್ಚೇನಿಲ್ಲ ಸಾರ್, ಸಕ್ಕರೆ ವಿಷಯ ಅಂದೆ. ಅವರು ಹೋಗಿ ಬಾಗಿಲನ್ನೂ ಹಾಕಿ ಬಂದರು.

“ಎಷ್ಟು ಲೋಡು?”

೪. ಕುರಿ

ಯುಗಾದಿ ಹತ್ತಿರ ಬಂತು. ಹೆಂಡತಿ ಅಟ್ಟದ ಪಾತ್ರೆಗಳನ್ನು ಇಳಿಸಿ ಗೋಣಿಚೀಲಕ್ಕೆ ತುಂಬತೊಡಗಿದಳು. ಮಂಡಿ ಮೇಲಿನ ಮನೆಗೆ ಸುಣ್ಣ ಹೊಡೆಸಲು ನನ್ನ ಕೈಯಿಂದಲೇ ಆಳು ಗೊತ್ತು ಮಾಡಿಸಿದಳು.

ನಾನು ಸೋತಿದ್ದೆ. ಸೈಟು ಮಾರುವುದಾದರೆ ಖಾಲಿ ಜಾಗದ ತೆಂಗಿನ ಸಸಿಗಳಾದರೂ ಹಸಿರಾಗಿ ಕಾಣಲಿ, ನಾಲ್ಕು ಕಾಸು ಹೆಚ್ಚು ಬರುತ್ತದೆ ಎಂದು ಯೋಚನೆ ಮಾಡಿದೆ. ಮನೆ ಮುಂದಿನ ದಾರಿಯಲ್ಲಿ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾಹಿಯೊಬ್ಬನನ್ನು ತಡೆದು, ನನ್ನ ಸೈಟಿನಲ್ಲಿ ಒಂದು ರಾತ್ರಿ ಕುರಿ ನಿಲ್ಲಿಸು ಅಂದೆ. ಬೇಸಿಗೆಯಲ್ಲಿ ಹೊಲದವರೆಲ್ಲ ಹೀಗೆ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಬೆಳಗಾಗುವಷ್ಟರಲ್ಲಿ ನೆಲಕ್ಕೆ ಗೊಬ್ಬರ ಬಿದ್ದಿರುತ್ತದೆ, ಕುರಿಯವನಿಗೆ ಊಟ, ರಾಗಿ ಕೊಟ್ಟರಾಯಿತು. ಅದನ್ನು ಬಡಾವಣೆಯಲ್ಲಿ ಮಾಡಿದವನು ನಾನೇ ಮೊದಲಿಗ. ಕುರಿಗಳು ಬೆಳಗಿನ ತನಕ ಒದರಿದವು, ನಾಯಿ ಬೊಗಳಿತು, ಇಡೀ ಬಡಾವಣೆಗೆ ಹಿಕ್ಕೆಯ ವಾಸನೆ ಹರಡಿತು.

ಬೆಳಗ್ಗೆ ಗೇಟು ಬಡಿದ ಸದ್ದು. ಅಧಿಕಾರಿ ಮುಂದೆ, ಹೆಡ್‌ಮಾಸ್ಟರು ಹಿಂದೆ. ಮನೆ ಕಟ್ಟಿದ ಮೇಲೆ ನಮ್ಮ ಗೇಟು ದಾಟಿದ ಮೊದಲ ನೆರೆಹೊರೆಯವರು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಹೆಂಡತಿ ಅವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟಳು. ಇದೇನು ಬಡಾವಣೆಯೋ ದೊಡ್ಡಿಯೋ ಎಂದು ಅಧಿಕಾರಿ ಎಗರಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಕುರಿಗಾಹಿ ರಾಗಿ ಕೇಳಲು ಬಾಗಿಲಿಗೆ ಬಂದ.

“ಬೈಬ್ಯಾಡ್ರಿ ಸಾಮಿ, ಈಗಲೇ ಹೊಂಟೆ. ನನ್ನಿವಾಳದಾಗೆ ನಮ್ಮ ಕುರೀಗೆ ಕಾದು ಕುಂತವ್ರೆ. ಈ ಗೊಬ್ರ ಬಿದ್ದ ನೆಲದಾಗೆ ಒಂದು ವರ್ಷ ಏನು ಹಾಕಿದ್ರೂ ಬೆಳೀತೈತೆ.”

ಬೇರೆಯವರು ಕಾದಿದ್ದಾರೆ ಎಂಬ ಮಾತಿಗೆ ಎಂಥ ಶಕ್ತಿ ಇದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಬದುಕಿದ್ದೇ ಆ ಮಾತಿನ ಮೇಲೆ. ಒಳಗೆ ಹೆಡ್‌ಮಾಸ್ಟರು ಕೆಮ್ಮಿ, ತಮ್ಮ ತಂದೆಯವರೂ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು, ತಮ್ಮ ಹಿತ್ತಲಿನ ನಿಂಬೆಗಿಡ ಯಾಕೋ ಕಾಯಿ ಬಿಡುತ್ತಿಲ್ಲ, ಇವತ್ತೊಂದು ರಾತ್ರಿ ಅಲ್ಲಿ ನಿಲ್ಲಿಸಬಹುದಲ್ಲ ಅಂದರು.

“ಅದ್ಹೆಂಗ್ರಿ ಮೇಷ್ಟ್ರೇ,” ಅಂದರು ಅಧಿಕಾರಿ. “ತಕರಾರು ಮಾಡೋಕೆ ಮೊದಲು ಬಂದೋನು ನಾನು. ಮೊದಲು ನಮ್ಮ ಮನೆ.”

ಮೇಷ್ಟ್ರು ಹಿರಿತನ ಎತ್ತಿದರು, ಇವರು ಹುದ್ದೆ ಎತ್ತಿದರು. ಕೂಗಾಟ ಕೇಳಿ ಇಬ್ಬರ ಹೆಂಡಂದಿರೂ ಓಡಿ ಬಂದರು. ನಾನು ಬಚ್ಚಲಿಂದ ಹೊರಗೆ ಬಂದಾಗ ನನ್ನ ಹೆಂಡತಿ ನಡುವೆ ಕುರ್ಚಿ ಹಾಕಿಕೊಂಡು ಕುಳಿತು, ಒಬ್ಬೊಬ್ಬರಾಗಿ ಹೇಳ್ರಿ ಅನ್ನುತ್ತಿದ್ದಳು. ಈ ಗಲಾಟೆಯಲ್ಲಿ ಕುರಿಗಾಹಿ ರಾಗಿ ಇಸಕೊಂಡು ಮಂದೆ ಹೊಡೆದುಕೊಂಡು ಹೋಗಿಯೇ ಬಿಟ್ಟಿದ್ದ. ಅದರಿಂದ ಜಗಳಕ್ಕೇನೂ ತೊಂದರೆಯಾಗಲಿಲ್ಲ. ಬರುವ ವರ್ಷ ಕುರಿ ಮೊದಲು ಯಾರ ಮನೆಗೆ ಎಂದು ಮುಂದುವರಿಯಿತು.

ಅಂದಿನಿಂದ ಬೆಳಗ್ಗೆ ಮೇಷ್ಟ್ರ ಹೆಂಡತಿ ಬಂದು ತಮ್ಮ ಕಡೆ ನ್ಯಾಯ ಹೇಳಿ, ತಿಂಡಿ ತಿಂದು ಹೋಗುತ್ತಾರೆ. ಸಂಜೆ ಅಧಿಕಾರಿಯ ಹೆಂಡತಿ ಬಂದು ತಮ್ಮ ಕಡೆ ನ್ಯಾಯ ಹೇಳಿ, ದೀಪ ಹಚ್ಚುವ ತನಕ ಏಳುವುದಿಲ್ಲ. ಉಳಿದ ಮನೆಗಳೂ ಪಕ್ಷ ಕಟ್ಟಿಕೊಂಡವು. ಯುಗಾದಿ ಕಳೆಯಿತು. ಸುಣ್ಣ ಒಣಗಿದೆ, ಯಾವತ್ತು ಹೊರಡೋಣ ಎಂದು ಹೆಂಡತಿಯನ್ನು ಕೇಳಿದೆ.

“ಈಗ ಹೆಂಗೆ ಬರಾಕಾಗ್ತೈತ್ರಿ?” ಅಂದಳು. “ಕುರಿ ಯಾರಿಗೆ ಅಂತ ತೀರ್ಮಾನ ಆಗಬೇಕಲ್ಲ. ಅದು ಮುಗೀಲಿ, ಮಾರನೇ ದಿನಾನೇ ಹೋಗಾನ.”

ವರ್ಷಗಳಾದವು, ಅದಿನ್ನೂ ಮುಗಿದಿಲ್ಲ. ಮುಗಿಯುವ ಲಕ್ಷಣ ಕಂಡಾಗಲೆಲ್ಲ ನಾನು ಮೇಷ್ಟ್ರನ್ನು ಒಂದು ಸಲ, ಅಧಿಕಾರಿಯನ್ನು ಒಂದು ಸಲ ಬೇರೆ ಬೇರೆಯಾಗಿ ಪಕ್ಕಕ್ಕೆ ಕರೆದು, ನ್ಯಾಯ ನಿಮ್ಮ ಕಡೆಗೇ ಇದೆ, ಬಿಡಬೇಡಿ ಎಂದು ಹೇಳಿ ಬರುತ್ತೇನೆ.